‘ಯಾ ರಝ್ಝಾಕ್’ 308 ಸಲ ಹೇಳಿದರೆ ಮನೆಯ ಕಷ್ಟ ತೀರುತ್ತದೆಯೇ?

ಪ್ರಶ್ನೆ: ಮೌಲಾನಾ ಅವರಿಗೆ ಸಲಾಂ. ನಾವು ಹೊನ್ನಾವರ ತಾಲೂಕಿನ ಕಡಲ ಬದಿಯವರು. ನಮ್ಮ ಯಜಮಾನರು ತದಡಿಯಲ್ಲಿ ಬೋಟಿಗೆ ಹೋಗುತ್ತಾರೆ, ಕಲಾಸಿ (ಬೋಟಿನ ಆಳು) ಕೆಲಸ. ಜೂನ್‌ನಲ್ಲಿ ಬೋಟು ಬಂದ್ ಆದ ಮೇಲೆ ಯಾರೋ ವಾಟ್ಸಾಪಿನಲ್ಲಿ ಕಳಿಸಿದ ವಾಯ್ಸ್ ಕೇಳಿ, ದಿನಾ ಫಜ್ರ್ (ನಸುಕಿನ ನಮಾಝ್) ಆದ ಮೇಲೆ ‘ಯಾ ರಝ್ಝಾಕ್’ ಅಂತ 308 ಸಲ ಹೇಳುತ್ತಿದ್ದಾರೆ. 40 ದಿನ ತಪ್ಪಬಾರದಂತೆ, ತಪ್ಪಿದರೆ ಮೊದಲಿಂದ ಶುರು ಮಾಡಬೇಕಂತೆ. 17ನೇ ದಿನ ಜ್ವರ ಬಂದು ತಪ್ಪಿತು, ಈಗ ಮತ್ತೆ ಒಂದರಿಂದ ಎಣಿಸುತ್ತಿದ್ದಾರೆ. ಬಲೆ ರಿಪೇರಿಗೆ ಕರೆದರೆ ‘ರಝ್ಝಾಕ್ ಕೊಡುತ್ತಾನೆ’ ಎಂದು ಕೂತುಬಿಡುತ್ತಾರೆ. ಆ ಹೆಸರು ಬರೆದ ಫ್ರೇಮೊಂದನ್ನು, ಓದಿ ಊದಿದ್ದು ಅಂತ, 1,100 ರೂಪಾಯಿ ಕೊಟ್ಟು ತಂದಿದ್ದಾರೆ. ಬೇಸಿಗೆಯಲ್ಲಿ ಒಣಗಿಸಿಟ್ಟ ಮೀನನ್ನು ನಾನು ಸಂತೆಗೆ ಒಯ್ದು ಮಾರುತ್ತೇನೆ. ಹೆಂಗಸಿನ ದುಡ್ಡು ಬಂದರೆ ಮನೆಯ ಬರ್ಕತ್ (ದೇವರು ಕೊಟ್ಟ ಸಮೃದ್ಧಿ) ಹೋಗುತ್ತದೆ ಅಂತ ಅತ್ತೆ ಹೇಳುತ್ತಾರೆ. ದಿನಸಿ ಅಂಗಡಿಯಲ್ಲಿ 14,000 ಉದ್ರಿ ಇದೆ. ಅಲ್ಲಾಹ್ ನಮ್ಮ ಮೇಲೆ ಸಿಟ್ಟಾಗಿದ್ದಾನಾ? ಇನ್ನೊಂದು: ಮಗನ ಹೆಸರು ಅಬ್ದುಲ್ ರಝಾಕ್. ಶಾಲೆಯಲ್ಲಿ ಬರೇ ರಝಾಕ್ ಎಂದು ಕರೆಯುತ್ತಾರೆ, ಅದು ಗುನಾ (ಪಾಪ) ಅಂತ ಒಬ್ಬರು ಹೇಳಿದರು.

ಉತ್ತರ: ವ ಅಲೈಕುಮುಸ್ಸಲಾಂ. ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆಗಳಿವೆ, ಮಳೆಗಾಲ ಬಂತೆಂದರೆ ಕರಾವಳಿಯಿಂದ ಇಂಥವು ಬರುತ್ತಲೇ ಇರುತ್ತವೆ. ಆ ಹೆಸರಿನ ಅರ್ಥವೇನು, ಅದನ್ನು ಬಾಯಲ್ಲಿ ಹೇಳಿದರೆ ಏನು ಮಾಡಿದಂತಾಯಿತು ಎನ್ನುವುದು ತಿಳಿದರೆ ಉಳಿದ ಗಂಟುಗಳು ತಾವಾಗಿ ಸಡಿಲವಾಗುತ್ತವೆ. ಹಾಗಾಗಿ ಉದ್ರಿ, ಫ್ರೇಮು, 308 ಎಲ್ಲ ಆಮೇಲೆ, ಮೊದಲು ಹೆಸರು.

ಅರಬ್ಬಿಯಲ್ಲಿ ರ-ಝ-ಕ ಎಂಬ ಮೂರಕ್ಷರದ ಧಾತು ಇದೆ. ಅದರಿಂದ ರಿಝ್ಕ್, ಅಂದರೆ ಜೀವಕ್ಕೆ ಒದಗಿ ಬಂದದ್ದು. ಅದನ್ನು ಕೊಡುವವನು ರಾಝಿಕ್. ರಝ್ಝಾಕ್ ಎನ್ನುವಾಗ ನಡುವಿನ ಅಕ್ಷರ ಇಮ್ಮಡಿಯಾಗುತ್ತದೆ, ಅದರ ಮುಂದಿನ ಸ್ವರ ಉದ್ದವಾಗುತ್ತದೆ. ಇದೇ ಅಚ್ಚಿನ ಅರಬ್ಬಿ ಪದಗಳನ್ನು ಕನ್ನಡದವರು ದಿನಾ ಬಳಸುತ್ತೇವೆ: ಹಮಾಲ, ದಲ್ಲಾಳಿ, ಸರಾಫ, ಹಜಾಮ. ಯಾವತ್ತೋ ಒಂದು ದಿನ ಅಕ್ಕಿಮೂಟೆ ಹೊತ್ತವನನ್ನು ಯಾರೂ ಹಮಾಲ ಎನ್ನುವುದಿಲ್ಲ. ಬೆಳಗಾದರೆ ಹೊರುವುದು, ನಾಳೆಯೂ ಹೊರುವುದು, ಅದೇ ಯಾರ ಕಸುಬೋ ಅವನು ಹಮಾಲ. ಅರಬ್ಬಿಯಲ್ಲಿ ಮೀನಿನವನು ಸಮ್ಮಾಕ್, ಹಡಗಿನ ಕೆಲಸದವನು ಮಲ್ಲಾಹ್. ಅವೂ ಇದೇ ಅಚ್ಚು. ರಝ್ಝಾಕ್ ಎಂದರೆ ಕೊಡುವುದನ್ನು ಎಡೆಬಿಡದೆ ಮಾಡುತ್ತಲೇ ಇರುವವನು. ಕೇಳಿದವನಿಗೂ ಕೇಳದವನಿಗೂ, ನೆನೆದವನಿಗೂ ಮರೆತವನಿಗೂ. ಕನ್ನಡದಲ್ಲಿ ‘ಅನ್ನದಾತ’ ಎಂದು ಬರೆಯುವ ರೂಢಿ ಇದೆ, ತಪ್ಪೇನಲ್ಲ. ಆದರೆ ಒಂದೇ ಹೊತ್ತು ಊಟ ಹಾಕಿದವನೂ ಅನ್ನದಾತನೇ ಆಗುತ್ತಾನಲ್ಲ, ಆ ಎಡೆಬಿಡದ ಭಾವ ಅದರಲ್ಲಿ ಬರುವುದಿಲ್ಲ. (ರಜಾಕಾರ ಎಂಬ ಪದಕ್ಕೂ ಇದಕ್ಕೂ ನಂಟಿಲ್ಲ. ಅದು ಒಪ್ಪಿಗೆ ಎಂಬರ್ಥದ ‘ರಝಾ’ದಿಂದ ಬಂದದ್ದು, ಧಾತು ಬೇರೆ.)

ಈ ರೂಪದಲ್ಲಿ ಈ ಹೆಸರು ಕುರ್‌ಆನಿನಲ್ಲಿ ಬರುವುದು ಒಂದೇ ಒಂದು ಕಡೆ: 51ನೆಯ ಸೂರಾ (ಅಧ್ಯಾಯ) ಅಝ್ಝಾರಿಯಾತ್, 58ನೆಯ ಆಯತ್ (ವಾಕ್ಯ). ಸಾಧ್ಯವಾದರೆ ಇಬ್ಬರೂ ಕೂತು ಆ ಸೂರಾವನ್ನು ಅರ್ಥಸಮೇತ ಒಮ್ಮೆ ಪೂರ್ತಿ ಓದಿ. 60 ಆಯತ್‌ಗಳು, ಹೆಚ್ಚು ಹೊತ್ತು ಬೇಡ. ಅದು ಶುರುವಾಗುವುದೇ ಆಣೆಗಳಿಂದ. ಚದುರಿಸುವ ಗಾಳಿ, ಭಾರ ಹೊತ್ತ ಮೋಡ, ಹಗುರವಾಗಿ ಸಾಗುವ ಹಡಗು, ಕೊನೆಗೆ ಹಂಚಿಕೆಯ ಕೆಲಸ ಹೊತ್ತವರು. ಮೂರನೆಯದು ಹಡಗುಗಳೇ ಎಂದು ಬಹಳ ವ್ಯಾಖ್ಯಾನಕಾರರು ಹೇಳಿದ್ದಾರೆ, ನಾಲ್ಕನೆಯದು ಫರಿಶ್ತೆಗಳು, ಅಂದರೆ ದೇವದೂತರು. ಭಾರ ಹೊತ್ತ ಮೋಡಕ್ಕೆ ಅಲ್ಲಿ ಬಳಸಿದ ಪದ ‘ಹಾಮಿಲಾತ್’, ನಮ್ಮ ಹಮಾಲನ ಧಾತುವೇ. ಜೂನ್ ತಿಂಗಳಲ್ಲಿ ಕಾಸರಕೋಡಿನ ದಂಡೆಯ ಮೇಲೆ ನಿಂತವರಿಗೆ ಈ ನಾಲ್ಕು ಸಾಲಿಗೆ ಬೇರೆ ವ್ಯಾಖ್ಯಾನ ಬೇಕಾಗಲಾರದು.

ಮುಂದೆ 19ನೆಯ ಆಯತ್: ಸಜ್ಜನರ ಸಂಪತ್ತಿನಲ್ಲಿ ಕೇಳುವವನಿಗೂ, ಇಲ್ಲದೆ ಸುಮ್ಮನಿರುವವನಿಗೂ ಹಕ್ಕಿದೆ. 22: ನಿಮ್ಮ ರಿಝ್ಕ್ ಆಕಾಶದಲ್ಲಿದೆ. ಅದರ ಬೆನ್ನಿಗೇ ಇಬ್ರಾಹೀಮರ ಮನೆಗೆ ಅಪರಿಚಿತರು ಬರುವ ಪ್ರಸಂಗ. ಇಬ್ರಾಹೀಮರು ಸದ್ದಿಲ್ಲದೆ ಒಳಗೆ ಹೋಗಿ ಕೊಬ್ಬಿದ ಕರುವಿನ ಮಾಂಸ ತಂದಿಡುತ್ತಾರೆ. ‘ಆಕಾಶದಲ್ಲಿದೆ’ ಎಂದ ಸೂರಾವೇ ಅನ್ನ ಮನುಷ್ಯನ ಕೈಯಿಂದ ತಟ್ಟೆಗೆ ಬರುವುದನ್ನು ಅದರ ಮಗ್ಗುಲಲ್ಲೇ ತೋರಿಸುತ್ತದೆ.

ಇನ್ನು ನಮಗೆ ಬೇಕಾದ ಜಾಗ. 57ನೆಯ ಆಯತ್: ‘ನಾನು ಅವರಿಂದ ರಿಝ್ಕ್ ಬಯಸುವುದಿಲ್ಲ, ಅವರು ನನಗೆ ಉಣಿಸಬೇಕೆಂದೂ ಬಯಸುವುದಿಲ್ಲ.’ 58: ‘ಖಂಡಿತ ಅಲ್ಲಾಹನೇ ರಝ್ಝಾಕ್, ಬಲವುಳ್ಳವನು, ದೃಢನು.’ ಗಮನಿಸಿ, ಈ ಹೆಸರು ಬರುವ ಏಕೈಕ ಸ್ಥಳದಲ್ಲಿ ಹೇಳಿರುವುದು ‘ನನಗೆ ನಿಮ್ಮಿಂದ ಏನೂ ಬೇಡ’ ಎಂದು. ಅಲ್ಲಿ ವ್ಯಾಪಾರವಿಲ್ಲ. 308 ಕೊಟ್ಟರೆ ಇಷ್ಟು ಸಿಗುತ್ತದೆ, 307 ಆದರೆ ಇಲ್ಲ ಎಂಬ ವಾಯ್ಸ್ ಮೆಸೇಜು ಅದೇ ಹೆಸರನ್ನು ಹರಾಜುಕಟ್ಟೆಗೆ ತಂದು ನಿಲ್ಲಿಸಿದಂತಿದೆ. ನಿಮ್ಮ ಯಜಮಾನರ ಭಕ್ತಿಯಲ್ಲಿ ದೋಷವಿಲ್ಲ. ಯಾರೋ ಅವರಿಗೆ ತಪ್ಪು ಲೆಕ್ಕ ಹೇಳಿಕೊಟ್ಟಿದ್ದಾರೆ.

ಆ ಲೆಕ್ಕ ಎಲ್ಲಿಂದ ಬಂತು? ಅರಬ್ಬಿ ಅಕ್ಷರಗಳಿಗೆ ಒಂದೊಂದು ಬೆಲೆ ಕಟ್ಟುವ ಅಬ್ಜದ್ ಎಂಬ ಹಳೆಯ ಪದ್ಧತಿ ಇದೆ. ಬೋಟಿನ ಮೇಲೆ, ಲಾರಿಯ ಮೇಲೆ ಬರೆಯುವ 786 ಬಿಸ್ಮಿಲ್ಲಾದ ಅಬ್ಜದ್ ಮೊತ್ತ. ರಝ್ಝಾಕ್‌ನಲ್ಲಿ ರಾ 200, ಝಾ 7, ಅಲಿಫ್ 1, ಕಾಫ್ 100, ಕೂಡಿಸಿದರೆ 308. ಆದರೆ ಬಾಯಲ್ಲಿ ಝ ಎರಡು ಸಲ ಬರುತ್ತದೆ, ಬರಹದಲ್ಲಿ ಒಂದೇ ಅಕ್ಷರ. ಉಚ್ಚಾರಣೆಯಂತೆ ಎಣಿಸಿದರೆ 315 ಆಗಬೇಕು. ‘ಯಾ’ ಸೇರಿಸಿದರೆ ಇನ್ನೊಂದು 11, ಬರಹದ ಲೆಕ್ಕದಲ್ಲಿ 319. ‘ಅರ್ರಝ್ಝಾಕ್’ ಎಂದು ಪೂರ್ತಿ ಬರೆದು ಎಣಿಸಿದರೆ 339. ಯಾವುದನ್ನು ಹಿಡಿಯುತ್ತೀರಿ? 308 ಎಂಬ ಸಂಖ್ಯೆ ಕುರ್‌ಆನಿನಲ್ಲೂ ಇಲ್ಲ, ಹದೀಸಿನಲ್ಲೂ (ಪ್ರವಾದಿಯವರ ನಡೆನುಡಿಯ ವರದಿಗಳಲ್ಲೂ) ಇಲ್ಲ; 40 ದಿನದ ಷರತ್ತೂ ಅಷ್ಟೆ. ಸೂಫಿ ಪರಂಪರೆಯ ಕೆಲವು ಗುರುಗಳು ಶಿಷ್ಯನ ಮನಸ್ಸು ಅಲುಗದೆ ನಿಲ್ಲಲಿ ಎಂದು ಅಬ್ಜದ್ ಪ್ರಕಾರ ಎಣಿಕೆ ಕೊಡುತ್ತಿದ್ದುದುಂಟು. ಅದಕ್ಕೆ ಆಧಾರವಿಲ್ಲವೆಂದು ನಿರಾಕರಿಸುವ ಉಲಮಾಗಳೂ (ಧರ್ಮ ವಿದ್ವಾಂಸರೂ) ಇದ್ದಾರೆ. ಆದರೆ ತಪ್ಪಿದರೆ ಕೆಲಸ ಕೆಟ್ಟಿತು ಎಂಬ ಹೆದರಿಕೆಯನ್ನು ಧರ್ಮದ ಹೆಸರಿನಲ್ಲಿ ಹಚ್ಚುವುದನ್ನು ಎರಡೂ ಕಡೆಯವರು ಒಪ್ಪಲಾರರು.

ಪ್ರವಾದಿಯವರೇ ಸಂಖ್ಯೆ ಹೇಳಿದ ಝಿಕ್ರ್‌ಗಳು (ದೇವರನ್ನು ನೆನೆಯುವ ಜಪಗಳು) ಇಲ್ಲವೆಂದಲ್ಲ. ನಮಾಝಿನ ನಂತರ ಸುಬ್‌ಹಾನಲ್ಲಾಹ್ 33, ಅಲ್‌ಹಮ್ದುಲಿಲ್ಲಾಹ್ 33, ಅಲ್ಲಾಹು ಅಕ್ಬರ್ 33 ಅಥವಾ 34, ಇವು ಸಹೀಹ್ (ಪ್ರಮಾಣಿತ) ಹದೀಸಿನಲ್ಲಿವೆ. ‘ಅಲ್ಲಾಹನಿಗೆ 99 ಹೆಸರುಗಳಿವೆ, ಅವನ್ನು ಎಣಿಸಿಕೊಂಡವನು ಸ್ವರ್ಗ ಸೇರುತ್ತಾನೆ’ ಎಂಬ, ಹದೀಸ್ ಸಂಗ್ರಹಕಾರರಾದ ಬುಖಾರಿ, ಮುಸ್ಲಿಂ ಇಬ್ಬರೂ ದಾಖಲಿಸಿದ ಹದೀಸಿನಲ್ಲಿ ಬರುವ ಪದ ‘ಅಹ್ಸಾಹಾ’. ಅದು ಹರಳುಕಲ್ಲಿಟ್ಟು ಎಣಿಸುವುದಕ್ಕೆ ಸಂಬಂಧಪಟ್ಟ ಪದ, ನಿಜ. ಆದರೆ ಹಿಂದಿನ ವ್ಯಾಖ್ಯಾನಕಾರರು ಅದಕ್ಕೆ ನೆನಪಿಟ್ಟುಕೊಳ್ಳುವುದು, ಅರ್ಥ ತಿಳಿಯುವುದು, ಅದರಂತೆ ನಡೆಯುವುದು ಎಂದು ಮೂರು ಮೆಟ್ಟಿಲು ಹೇಳಿದರು. ಮೊದಲ ಮೆಟ್ಟಿಲಲ್ಲೇ ಮಣಿಸರ ಹಿಡಿದು ಕೂತರೆ ಮನೆಯೊಳಗೆ ಹೋಗುವುದು ಯಾವಾಗ?

ಜ್ವರದ ದಿನ ತಪ್ಪಿದ್ದಕ್ಕೆ ಮೊದಲಿಂದ ಶುರು ಮಾಡಬೇಕಾಗಿಲ್ಲ. ಕಾಯಿಲೆಯಿಂದಲೋ ಪ್ರಯಾಣದಿಂದಲೋ ನಿತ್ಯದ ಸತ್ಕರ್ಮ ತಪ್ಪಿದರೆ, ಆರೋಗ್ಯವಾಗಿದ್ದಾಗ ಮಾಡುತ್ತಿದ್ದಷ್ಟೇ ಅವನ ಲೆಕ್ಕಕ್ಕೆ ಬರೆಯಲಾಗುತ್ತದೆ ಎಂದು ಬುಖಾರಿಯಲ್ಲಿದೆ. ಅವರ 17ನೆಯ ದಿನ ಖಾಲಿ ಹೋಗಿಲ್ಲ ಎಂದು ಹೇಳಿ.

ಹಾಗಾದರೆ ಝಿಕ್ರ್ ಬಿಡಬೇಕೇ? ಬೇಡ. ಬಿಡಿಸಲು ಹೋದರೆ ಜಗಳವಾಗುತ್ತದೆ, ಅವರ ಮನಸ್ಸಿಗೆ ಇದ್ದ ಒಂದು ಆಸರೆಯೂ ಹೋಗುತ್ತದೆ. ರೀತಿ ಬದಲಿಸಲಿ. ಫಜ್ರ್ ಆದ ಮೇಲೆ ಅದೇ ಅಝ್ಝಾರಿಯಾತ್ ಸೂರಾದ 56ರಿಂದ 58ರವರೆಗಿನ ಮೂರು ಆಯತ್‌ಗಳನ್ನು ಅರ್ಥದೊಂದಿಗೆ ಓದಲಿ. ಆಮೇಲೆ ಹೆಸರನ್ನು ಎಷ್ಟು ಸಲ ಮನಸ್ಸು ಜೊತೆಗಿರುತ್ತದೋ ಅಷ್ಟು ಸಲ ಹೇಳಲಿ, ಹತ್ತಾದರೂ ಸರಿ. ಮಧ್ಯೆ ನಿಲ್ಲಿಸಿ, ನಿನ್ನೆ ಬಂದದ್ದನ್ನು ನೆನೆಯಲಿ: ನೆರೆಮನೆಯಿಂದ ಬಂದ ಹಲಸು, ಇಳಿದ ಜ್ವರ, ಅಂಗಡಿಯವರು ಮತ್ತೆ ಕೊಟ್ಟ ಐದು ಕಿಲೋ ಅಕ್ಕಿ. ರಿಝ್ಕ್ ಅಂದರೆ ನೋಟು ಮಾತ್ರ ಎಂದುಕೊಂಡವರಿಗೆ ಇವು ಕಣ್ಣಿಗೆ ಬೀಳುವುದೇ ಇಲ್ಲ. 1111ರಲ್ಲಿ ತೀರಿಕೊಂಡ ಇಮಾಂ ಗಝ್ಝಾಲಿ ಇದನ್ನು ಎರಡಾಗಿ ವಿಂಗಡಿಸಿದರು: ದೇಹಕ್ಕೆ ಬೇಕಾದ ಆಹಾರ ಒಂದು, ಹೃದಯಕ್ಕೆ ಬೇಕಾದ ಅರಿವು ಇನ್ನೊಂದು. ಕೊನೆಗೆ, ಪ್ರವಾದಿಯವರು ಫಜ್ರ್‌ನ ಸಲಾಂ ಆದ ಮೇಲೆ ಕೇಳುತ್ತಿದ್ದರೆಂದು ಅವರ ಪತ್ನಿ ಉಮ್ಮು ಸಲಮಾ ಹೇಳಿದ ದುಆ (ಪ್ರಾರ್ಥನೆ): ‘ಅಲ್ಲಾಹುಮ್ಮ ಇನ್ನೀ ಅಸ್‌ಅಲುಕ ಇಲ್ಮನ್ ನಾಫಿಅನ್, ವ ರಿಝ್ಕನ್ ತಯ್ಯಿಬನ್, ವ ಅಮಲನ್ ಮುತಕಬ್ಬಲಾ’. ಉಪಯೋಗಕ್ಕೆ ಬರುವ ಅರಿವು, ಶುದ್ಧವಾದ ರಿಝ್ಕ್, ಸ್ವೀಕಾರವಾಗುವ ಕೆಲಸ. ಮೂರನೆಯದು ಕೆಲಸ ಎಂಬುದನ್ನು ಅವರೇ ಗಮನಿಸಲಿ, ನೀವು ಎತ್ತಿ ಆಡುವುದು ಬೇಡ.

ಕೆಲಸಕ್ಕೆ ಹೋಗದಿರುವುದು ತವಕ್ಕುಲ್ (ಅಲ್ಲಾಹನಲ್ಲಿ ಭರವಸೆ) ಅಲ್ಲ. ಅವರು ಯಾವ ಹದೀಸನ್ನು ನೆಚ್ಚಿರಬಹುದೆಂದು ಊಹಿಸಬಲ್ಲೆ: ‘ನೀವು ಅಲ್ಲಾಹನಲ್ಲಿ ನಿಜವಾಗಿ ಭರವಸೆಯಿಟ್ಟರೆ, ಹಕ್ಕಿಗಳಿಗೆ ಕೊಡುವಂತೆ ನಿಮಗೂ ಕೊಡುತ್ತಾನೆ.’ ಇದನ್ನು ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಮುಂದಿನ ಸಾಲು: ಅವು ಬೆಳಿಗ್ಗೆ ಹೊಟ್ಟೆ ಬೆನ್ನಿಗಂಟಿಸಿಕೊಂಡು ಹೊರಡುತ್ತವೆ, ಸಂಜೆ ಹೊಟ್ಟೆ ತುಂಬಿ ಮರಳುತ್ತವೆ. ಅರಬ್ಬಿಯಲ್ಲಿ ‘ತಗ್‌ದೂ’ ಎಂದರೆ ಬೆಳಗ್ಗೆ ಹೊರಡುವುದು, ‘ತರೂಹು’ ಎಂದರೆ ಸಂಜೆ ಮರಳುವುದು. ಹಕ್ಕಿಯ ಭರವಸೆಯನ್ನು ಹೇಳಲು ಬಳಸಿದ್ದು ಈ ಎರಡು ಕ್ರಿಯಾಪದಗಳನ್ನೇ. ಮಳೆಗಾಲದಲ್ಲಿ ಬೋಟು ದಡ ಹತ್ತಿದ ಮೇಲೆ ಧಕ್ಕೆಯ ಬೆಳ್ಳಕ್ಕಿಗಳು ಅಲ್ಲೇ ಕಾಯುತ್ತ ಕೂರುವುದಿಲ್ಲ, ಗದ್ದೆಗೆ ಹೋಗುತ್ತವೆ. ಹಗ್ಗ ತೆಗೆದುಕೊಂಡು ಹೋಗಿ, ಬೆನ್ನ ಮೇಲೆ ಕಟ್ಟಿಗೆ ಹೊತ್ತು ತಂದು ಮಾರುವುದು ಬೇಡುವುದಕ್ಕಿಂತ ಮೇಲು ಎಂದ ಹದೀಸು ಬುಖಾರಿಯಲ್ಲಿದೆ.

ಇನ್ನೊಂದನ್ನು ಅವರು ತಿಳಿಯಬೇಕು. ತಾಯಿ, ಮಗುವಿನ ಖರ್ಚಿನ ಬಗ್ಗೆ ಹೇಳುವಾಗ ಕುರ್‌ಆನ್ (2:233) ತಂದೆಯ ಮೇಲೆ ಹೊರಿಸುವ ಹೊಣೆಗೆ ಬಳಸಿದ ಪದವೂ ರಿಝ್ಕ್. ‘ಅವರ ರಿಝ್ಕ್ ಅವನ ಮೇಲೆ’ ಎಂದೇ ಇದೆ. ಶಾಫಿಈ ಪಂಥದ ಫಿಕ್‌ಹ್‌ನಲ್ಲಿ (ಧರ್ಮಶಾಸ್ತ್ರದಲ್ಲಿ) ಇದಕ್ಕೆ ಅಳತೆಯೇ ಇದೆ: ಹೆಂಡತಿಗೆ ದಿನಕ್ಕೆ ಊರಿನ ಮುಖ್ಯ ಧಾನ್ಯ, ಸ್ಥಿತಿವಂತನಾದರೆ ಎರಡು ಮುದ್ದ್, ಮಧ್ಯಮನಾದರೆ ಒಂದೂವರೆ, ಬಡವನಾದರೆ ಒಂದು. ಮುದ್ದ್ ಎಂದರೆ ಎರಡೂ ಕೈ ಸೇರಿಸಿದ ಒಂದು ಬೊಗಸೆ. ಬಡತನ ಅಳತೆಯನ್ನು ಇಳಿಸುತ್ತದೆಯೇ ಹೊರತು ಹೊಣೆಯನ್ನು ತೆಗೆಯುವುದಿಲ್ಲ. ಇದನ್ನು ಅವರ ಮುಖಕ್ಕೆ ಹಿಡಿಯಲು ಹೇಳುತ್ತಿಲ್ಲ; ಅವರು ಗೌರವಿಸುವ ಹಿರಿಯರೊಬ್ಬರಿಂದ ಹೇಳಿಸಿ.

ಬಲೆ ರಿಪೇರಿಗೆ ಹೋಗಲಿ. ಮಳೆಗಾಲದಲ್ಲಿ ಅದಕ್ಕಿಂತ ಸುರಕ್ಷಿತ ದುಡಿಮೆ ಕಲಾಸಿಗೆ ಇಲ್ಲ. ದುಡ್ಡಿನ ಆತುರಕ್ಕೆ ಸಣ್ಣ ದೋಣಿಯಲ್ಲಿ ಅಳಿವೆ ದಾಟುವುದು ಬೇಡ. ಮಳೆಗಾಲದ ಅಳಿವೆಯಲ್ಲಿ ದೋಣಿ ಮಗುಚುವುದನ್ನು ನಿಮಗೆ ಹೇಳಿಕೊಡಬೇಕಿಲ್ಲ. ನಿಷೇಧದ ಅವಧಿಯಲ್ಲಿ, ಅಂದರೆ ಜೂನ್ 1ರಿಂದ ಜುಲೈ 31ರವರೆಗಿನ 61 ದಿನ, ಯಂತ್ರದ ಬೋಟಿನಲ್ಲಿ ಕದ್ದು ಹೋಗುವುದನ್ನು ‘ರಿಝ್ಕ್ ಹುಡುಕಿದ್ದು’ ಎನ್ನಲಾಗದು. ಮೀನು ಮೊಟ್ಟೆಯಿಟ್ಟು ಮರಿಯಾಗುವ ಕಾಲವದು, ಆಗಸ್ಟಿನ ರಿಝ್ಕ್ ಆಗ ತಯಾರಾಗುತ್ತಿರುತ್ತದೆ. ಬಿಡುವಿನ ತಿಂಗಳುಗಳಿಗೆಂದೇ ಮೀನುಗಾರರಿಗೆ ಉಳಿತಾಯ ಮತ್ತು ಪರಿಹಾರ ಯೋಜನೆ ಇದೆ: ಮೀನುಗಾರ ಕಟ್ಟಿದ ಹಣಕ್ಕೆ ಸರ್ಕಾರದ ಪಾಲೂ ಸೇರುತ್ತದೆ. ದುಡಿಮೆಯ ತಿಂಗಳುಗಳಲ್ಲೇ ಕಂತು ಕಟ್ಟಿರಬೇಕು, ಜೂನ್‌ನಲ್ಲಿ ಓಡಿದರೆ ಸಿಗುವುದಿಲ್ಲ. ಮುಂದಿನ ವರ್ಷಕ್ಕೆ ಈಗಲೇ ನಿಮ್ಮ ಮೀನುಗಾರರ ಸಹಕಾರ ಸಂಘದಲ್ಲಿ ವಿಚಾರಿಸಿಡಿ.

ನಿಮ್ಮ ಒಣಮೀನಿನ ವ್ಯಾಪಾರದಿಂದ ಬರ್ಕತ್ ಹೋಗುತ್ತದೆ ಎಂಬುದಕ್ಕೆ ಯಾವ ಆಧಾರವೂ ಇಲ್ಲ. ‘ಗಂಡಸರಿಗೆ ಅವರು ಗಳಿಸಿದ್ದರ ಪಾಲು, ಹೆಂಗಸರಿಗೆ ಅವರು ಗಳಿಸಿದ್ದರ ಪಾಲು’ (4:32). ನಿಮ್ಮ ಗಳಿಕೆ ನಿಮ್ಮದು. ಮನೆಗೆ ಹಾಕಲೇಬೇಕೆಂಬ ಹೊಣೆ ನಿಮ್ಮ ಮೇಲಿಲ್ಲ. ಹಾಕಿದರೆ ಅದು ದಾನ. ಪ್ರವಾದಿಯವರ ಸಂಗಾತಿ ಇಬ್ನು ಮಸ್‌ಊದರ ಹೆಂಡತಿ ಝೈನಬ್, ‘ಗಂಡನಿಗೆ, ನಮ್ಮ ಆಸರೆಯಲ್ಲಿರುವ ಅನಾಥ ಮಕ್ಕಳಿಗೆ ಖರ್ಚು ಮಾಡಿದರೆ ದಾನವಾಗುತ್ತದೆಯೇ’ ಎಂದು ಕೇಳಿಸಿದಾಗ ಪ್ರವಾದಿಯವರು ಎರಡು ಪಟ್ಟು ಪುಣ್ಯ ಎಂದರು: ನೆಂಟಸ್ತಿಕೆಯದೊಂದು, ದಾನದ್ದೊಂದು. ಅತ್ತೆಗೆ ಇದನ್ನು ಹೇಳಿ, ಮೆತ್ತಗೆ. ಬರ್ಕತ್ ನಿಜವಾಗಿ ಹೋಗುವುದು ಬೇರೆ ದಾರಿಯಿಂದ. ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಪ್ರವಾದಿಯವರು ಕೈ ಹಾಕಿದಾಗ ಬೆರಳಿಗೆ ಪಸೆ ತಗುಲಿತು. ಮಳೆ ಬಿದ್ದಿತ್ತು ಎಂದ ವ್ಯಾಪಾರಿ. ‘ಹಾಗಿದ್ದರೆ ಜನ ನೋಡುವಂತೆ ಮೇಲೆ ಇಡಬಾರದಿತ್ತೇ? ಮೋಸ ಮಾಡಿದವನು ನಮ್ಮವನಲ್ಲ’ ಎಂದರು. ಈ ತಿಂಗಳಲ್ಲಿ ಒಣಮೀನು ಥಂಡಿ ಹೀರುತ್ತದೆ, ಬುಟ್ಟಿಯ ತಳದ್ದು ಮೊದಲು ಬೂಸಲು ಹಿಡಿಯುತ್ತದೆ. ಅಂಥದ್ದನ್ನು ಬೇರೆ ಹಾಕಿ, ತೋರಿಸಿ ಕಡಿಮೆಗೆ ಕೊಡಿ, ಬೂಸಲು ಕಂಡದ್ದನ್ನು ಎಸೆದುಬಿಡಿ.

ಅಲ್ಲಾಹನ ಸಿಟ್ಟಿನ ಪ್ರಶ್ನೆಗೆ ಕುರ್‌ಆನ್ ನೇರವಾಗಿಯೇ ಉತ್ತರಿಸಿದೆ. 89ನೆಯ ಸೂರಾದ 15, 16: ಕೈತುಂಬ ಬಂದಾಗ ಮನುಷ್ಯ ‘ನನ್ನ ರಬ್ಬು (ಒಡೆಯ) ನನ್ನನ್ನು ಗೌರವಿಸಿದ’ ಎನ್ನುತ್ತಾನೆ, ರಿಝ್ಕ್ ಬಿಗಿಯಾದಾಗ ‘ನನ್ನನ್ನು ಅವಮಾನಿಸಿದ’ ಎನ್ನುತ್ತಾನೆ. 17 ಶುರುವಾಗುವುದೇ ‘ಕಲ್ಲಾ’, ಹಾಗಲ್ಲವೇ ಅಲ್ಲ, ಎಂಬ ಮಾತಿನಿಂದ. ಎರಡೂ ಅಳತೆಗೋಲು ತಪ್ಪು. ಅಷ್ಟಕ್ಕೇ ಬಿಡದೆ ಅಲ್ಲಿ ಅನಾಥರನ್ನು ಗೌರವಿಸದ, ಬಡವನಿಗೆ ಉಣಿಸಲು ಹುರಿದುಂಬಿಸದ ಊರವರನ್ನೇ ಹಿಡಿದು ಕೇಳಲಾಗಿದೆ. ನಿಮ್ಮ ಮನೆಯ ಮಡಕೆ ಖಾಲಿಯಾದರೆ ಅದು ನಿಮ್ಮ ಜಮಾಅತ್‌ಗೂ (ಊರಿನ ಮುಸ್ಲಿಂ ಸಮುದಾಯಕ್ಕೂ) ಹಾಕಿದ ಪ್ರಶ್ನೆ.

ಆದ್ದರಿಂದ ಉದ್ರಿಯ ವಿಷಯದಲ್ಲಿ ನಾಚಿಕೆ ಬಿಡಿ. ಪ್ರವಾದಿಯವರು ತೀರಿಕೊಂಡಾಗ ಅವರ ಯುದ್ಧಕವಚ ಒಬ್ಬ ಯಹೂದಿಯ ಬಳಿ ಮೂವತ್ತು ಸಾ ಜವೆಗೋಧಿಗಾಗಿ ಒತ್ತೆಯಲ್ಲಿತ್ತು. ಒಂದು ಸಾ ಎಂದರೆ ನಾಲ್ಕು ಮುದ್ದ್. ಮನೆಯವರ ಹೊಟ್ಟೆಗಾಗಿ ಮಾಡಿದ ಸಾಲ ಅದು. ಅಂಗಡಿಯವರು ಯಾವ ಧರ್ಮದವರೇ ಇರಲಿ, ಅವರ ಹಣ ಅವರ ಹಕ್ಕು. ತಪ್ಪಿಸಿಕೊಂಡು ಬೇರೆ ರಸ್ತೆಯಲ್ಲಿ ಹೋಗಬೇಡಿ. ಯಜಮಾನರನ್ನೇ ಕಳಿಸಿ, ಮೊತ್ತವನ್ನು ಎರಡೂ ಕಡೆ ಬರೆಸಿಕೊಳ್ಳಿ, ಸಂತೆಯ ವಾರಕ್ಕೆ ಇಷ್ಟು, ಆಗಸ್ಟಿನಿಂದ ಬೋಟಿನ ಪಾಲಿನಲ್ಲಿ ಇಷ್ಟು ಎಂದು ಮಾತಾಡಲಿ. ಇದನ್ನು ತೀರಿಸಲು ಬಡ್ಡಿಯ ಕೈಸಾಲ ಮಾಡಬೇಡಿ. ಬಡ್ಡಿ ನಿಷಿದ್ಧ ಎನ್ನುವುದು ಒಂದು ಕಾರಣ, ಉದ್ರಿಗೆ ಬಡ್ಡಿ ಇಲ್ಲ ಆದರೆ ಕೈಸಾಲಕ್ಕೆ ವಾರವಾರ ಬೆಳೆಯುವ ಬಾಲವಿದೆ ಎನ್ನುವುದು ಇನ್ನೊಂದು. ಝಕಾತ್ (ಉಳ್ಳವರು ಕೊಡಲೇಬೇಕಾದ ದಾನ) ಪಡೆಯಲು ಅರ್ಹರಾದ ಎಂಟು ವರ್ಗಗಳಲ್ಲಿ (9:60) ತೀರಿಸಲಾಗದ ಸಾಲಗಾರರದ್ದೂ ಒಂದು. ಜಮಾಅತ್‌ನಲ್ಲಿ ಬೈತುಲ್ ಮಾಲ್ (ಸಮುದಾಯದ ನಿಧಿ) ಇದ್ದರೆ ಅರ್ಜಿ ಕೊಡಿ, ಉದ್ರಿ ಚೀಟಿಯ ಪ್ರತಿ ಜೊತೆಗಿಡಿ. ಅದು ಭಿಕ್ಷೆಯಲ್ಲ, ಮೇಲೆ ಹೇಳಿದ 19ನೆಯ ಆಯತ್‌ನ ‘ಹಕ್ಕು’.

ಫ್ರೇಮಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗೋಡೆಗೆ ಹಾಕಿದ್ದರೆ ಇರಲಿ, ಸ್ವಚ್ಛವಾದ ಜಾಗದಲ್ಲಿರಲಿ. ಕುರ್‌ಆನಿನ ಆಯತ್ ಬರೆದ ತಾಯಿತವನ್ನು ಷರತ್ತಿನೊಂದಿಗೆ ಒಪ್ಪಿದ ಉಲಮಾಗಳಿದ್ದಾರೆ, ಒಪ್ಪದವರೂ ಇದ್ದಾರೆ. ಆದರೆ ‘ಇಷ್ಟು ದಿನದಲ್ಲಿ ಗ್ಯಾರಂಟಿ’ ಎಂದು ಬೆಲೆ ಕಟ್ಟಿ ಮಾರುವುದನ್ನು ಯಾರೂ ಒಪ್ಪಿಲ್ಲ. ಇನ್ನೊಂದು ಕೊಳ್ಳಲು ಬಿಡಬೇಡಿ. ಮುಂದೆ ಯಾರಾದರೂ ಸೂರಾ ವಾಕಿಆ ರಾತ್ರಿ ಓದಿದರೆ ಬಡತನವೇ ಬರುವುದಿಲ್ಲ ಎಂದು ಕಳಿಸಬಹುದು. ಆ ವರದಿ ದುರ್ಬಲ ಎಂದು ಹದೀಸ್ ವಿದ್ವಾಂಸರು ಹೇಳಿದ್ದಾರೆ. ಸೂರಾ ಓದಿ, ಭರವಸೆಯ ಚೀಟಿ ಬೇಡ.

ಮಗನ ಹೆಸರು. ಅಬ್ದುಲ್ ರಝ್ಝಾಕ್ ಎಂದರೆ ರಝ್ಝಾಕನ ದಾಸ, ಒಳ್ಳೆಯ ಹೆಸರು. ಬರಿಯ ‘ರಝ್ಝಾಕ್’ ಅಲ್ಲಾಹನಿಗೆ ಮಾತ್ರ ಸಲ್ಲುವ ಹೆಸರಾದ್ದರಿಂದ ಮನುಷ್ಯನನ್ನು ಹಾಗೆ ಕರೆಯಬಾರದೆಂದು ಉಲಮಾಗಳು ಹೇಳುತ್ತಾರೆ, ಮನೆಯಲ್ಲಿ ನೀವು ಪೂರ್ತಿ ಹೆಸರನ್ನೋ ‘ಅಬ್ದು’ ಎಂದೋ ರೂಢಿ ಮಾಡಿ. ಶಾಲೆಯಲ್ಲಿ ಚಿಕ್ಕದಾಗಿ ಕರೆದದ್ದಕ್ಕೆ ಮಗುವಿಗೂ ಗುನಾ ಇಲ್ಲ, ಅರಿಯದೆ ಕರೆದ ಟೀಚರಿಗೂ ಇಲ್ಲ. ಒಂದು ದಿನ ಹೋಗಿ ಅರ್ಥ ಹೇಳಿದರೆ ಅವರೇ ಸರಿಯಾಗಿ ಕರೆಯುತ್ತಾರೆ. ಹೋದಾಗ ಶಾಲೆಯ ದಾಖಲೆಯನ್ನೂ ನೋಡಿ ಬನ್ನಿ. ಒಂದು ಕಡೆ ‘ಅಬ್ದುಲ್ ರಝಾಕ್’, ಆಧಾರ್‌ನಲ್ಲಿ ಬರೇ ‘ರಜಾಕ್’ ಎಂದಿದ್ದರೆ ಹತ್ತನೇ ಕ್ಲಾಸಿಗೆ ಬರುವ ಮೊದಲೇ ಸರಿಪಡಿಸಿಕೊಳ್ಳಿ.